ಹಳೆಯ ಹಾಯಿದೋಣಿಯ ತೇಗದ ಪಟ್ಟಿ: ಲಕ್ಷಣ ನೋಡಿ ದೋಷ ಹಿಡಿಯುವುದು ಹೇಗೆ

1970, 80ರ ದಶಕದ ಫೈಬರ್‌ಗ್ಲಾಸ್ ಹಾಯಿದೋಣಿ ಕೊಂಡವರಿಗೆ ತೇಗದ ಕೆಲಸ ತಪ್ಪಿದ್ದಲ್ಲ. ದೋಣಿಯ ಮೈ ಫೈಬರ್‌ಗ್ಲಾಸ್ ಆದರೂ ಅಂಚಿನಲ್ಲಿ ಕಾಲು ಜಾರದಂತೆ ತಡೆಯುವ ಟೋ ರೈಲು, ಕ್ಯಾಬಿನ್ ಮೇಲಿನ ಹಿಡಿಪಟ್ಟಿ, ಕಾಕ್‌ಪಿಟ್ (ಕೂತು ದೋಣಿ ನಡೆಸುವ ತಗ್ಗು) ಸುತ್ತಲಿನ ಕೋಮಿಂಗು ಎಂಬ ಎತ್ತರದ ಅಂಚು, ಹ್ಯಾಚ್ ಅಂದರೆ ಕ್ಯಾಬಿನ್ ಬಾಗಿಲಿನ ಮುಚ್ಚಳ ಜಾರುವ ಹಳಿ ಎಲ್ಲ ಆ ಕಾಲದಲ್ಲಿ ತೇಗದವೇ. ನಾನಿರುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅಲಮೀಡಾಗೆ ಹೋಗಿ, ಬರ್ಕ್‌ಲಿಗೆ ಹೋಗಿ, ಇಂಥ ದೋಣಿಗಳು ಸಾಲಾಗಿ ಕಟ್ಟಿರುತ್ತವೆ. ಬೆಲೆ ಕಡಿಮೆ, ಮೈ ಗಟ್ಟಿ. ನೋಡಿದ ತಕ್ಷಣ ಕಣ್ಣಿಗೆ ಹೊಡೆಯುವುದು ಮಾತ್ರ ಬೂದು ಬಣ್ಣಕ್ಕೆ ತಿರುಗಿದ, ಅಲ್ಲಲ್ಲಿ ಬಿರುಕು ಬಿಟ್ಟ ಮರ.

ಹೊಸಬರು ಮೊದಲು ಮಾಡುವ ಕೆಲಸ ಸ್ಯಾಂಡರ್ ತಂದು ಉಜ್ಜುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮರದ ಬಣ್ಣ ಕೆಟ್ಟರೆ ದೋಣಿಗೆ ಏನೂ ಆಗುವುದಿಲ್ಲ. ಪಟ್ಟಿಯ ಅಡಿಗೆ ನೀರು ಇಳಿದರೆ ಡೆಕ್ಕೇ (ದೋಣಿಯ ಮೇಲ್ಹಾಸೇ) ಹಾಳಾಗುತ್ತದೆ. ಅದಕ್ಕೇ ಇಲ್ಲಿ ಹೊಳಪಿನ ಮಾತು ಕಡಿಮೆ, ನೀರು ಎಲ್ಲಿಂದ ನುಗ್ಗುತ್ತಿದೆ ಎಂಬ ಮಾತು ಜಾಸ್ತಿ. ಇನ್ನೊಂದು ವಿಷಯ: ಉಜ್ಜಿದಷ್ಟೂ ಮರ ತೆಳ್ಳಗಾಗುತ್ತದೆ. ನಲವತ್ತು ವರ್ಷದಲ್ಲಿ ಹಿಂದಿನ ಮಾಲೀಕರು ಅದನ್ನು ಎಷ್ಟು ಸಲ ಉಜ್ಜಿದ್ದಾರೋ ಗೊತ್ತಿಲ್ಲ. ಉಳಿದಿರುವ ದಪ್ಪವನ್ನು ಉಳಿಸಿಕೊಳ್ಳಬೇಕು.

ತೇಗ ಸುಲಭಕ್ಕೆ ಸೋಲುವ ಮರವಲ್ಲ. ಮುಂಬೈಯ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ನಿಮ್ಮ ದೋಣಿಯ ಪಟ್ಟಿ ಎಷ್ಟೇ ಕಳೆಗುಂದಿದ್ದರೂ ಒಳಗೆ ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು.

ತೇಗ ಹಾಸಿದ ಡೆಕ್ಕಿನ ಕಥೆ ಬೇರೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ. ಇದು ಪಟ್ಟಿಗಳಿಗೆ ಮಾತ್ರ.

ಮೊದಲು ಖರ್ಚಿಲ್ಲದ ಪರೀಕ್ಷೆಗಳು

ಒಂದು ಒಣ ದಿನ ಬೆಳಗ್ಗೆ ದೋಣಿಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ. ಕೈಯಲ್ಲಿ ಒಂದು ಲೋಟ ನೀರು, ಒಂದು ದಬ್ಬಳ, ಹಿಡಿ ಗಟ್ಟಿಯಿರುವ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಇರಲಿ.

ಮರದ ಮೇಲೆ ನಾಲ್ಕು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತರೆ ಮೇಲಿನ ಲೇಪ ಇನ್ನೂ ಕೆಲಸ ಮಾಡುತ್ತಿದೆ. ಹರಡಿ ಇಂಗಿದರೆ ಲೇಪ ಹೋಗಿದೆ ಎಂದರ್ಥ, ಮರ ಹೋಗಿದೆ ಎಂದಲ್ಲ. ಅನುಮಾನ ಇದ್ದ ಕಡೆ ದಬ್ಬಳ ಚುಚ್ಚಿ. ಗಟ್ಟಿ ತೇಗದಲ್ಲಿ ಮೊನೆ ಒಂದೆರಡು ಮಿ.ಮೀ.ಗೆ ನಿಲ್ಲುತ್ತದೆ. ಸಲೀಸಾಗಿ ಒಳಗೆ ಹೋದರೆ ಅಲ್ಲಿ ಕೊಳೆತಿದೆ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಆ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಕೊನೆಗೆ ಪಟ್ಟಿಯ ಎರಡೂ ಬದಿಯ ಡೆಕ್ಕನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತ ಬಿಗಿಯಾಗಿ ಕೇಳಿದರೆ ಸರಿ. ದಬ್ ದಬ್ ಅಂತ ಮಂಕಾಗಿ ಕೇಳಿದ ಕಡೆ ಡೆಕ್ಕಿನ ಒಳಗಿನ ತಿರುಳು ಒದ್ದೆಯಾಗಿರಬಹುದು, ಇಲ್ಲವೇ ಪದರ ಬಿಟ್ಟಿರಬಹುದು.

ಈ ಒಂದು ಸುತ್ತಿನಲ್ಲೇ ಅರ್ಧ ರೋಗ ಗೊತ್ತಾಗುತ್ತದೆ.

ಲಕ್ಷಣ: ಮರ ಬೂದಿ ಬಣ್ಣಕ್ಕೆ ತಿರುಗಿದೆ

ಬಿಸಿಲು ಮರದ ಮೇಲ್ಪದರದ ಲಿಗ್ನಿನ್ ಅಂಶವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬೂದಿ ಬಣ್ಣದ ತೆಳು ಪೊರೆ. ಅದರ ಕೆಳಗೆ ಕೂದಲೆಳೆ ಆಳದಲ್ಲೇ ಜೇನು ಬಣ್ಣದ ಮರ ಹಾಗೇ ಇರುತ್ತದೆ. ಇದು ದೋಷವಲ್ಲ. ಪಟ್ಟಿ ಬಿಗಿಯಾಗಿದ್ದು ಎಲ್ಲೂ ಸೋರದಿದ್ದರೆ ಹಾಗೇ ಬಿಡಬಹುದು. ಎಷ್ಟೋ ದೂರ ಯಾನ ಮಾಡುವವರು ಬೇಕೆಂದೇ ಬೂದು ಬಿಡುತ್ತಾರೆ.

ಕೊಳೆ ತೆಗೆಯಲು ಸಾಬೂನು ನೀರು, ಮೆದು ಬ್ರಷ್ ಸಾಕು. ಬ್ರಷ್ ಓಡಬೇಕಾದ್ದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೇ ತಿಕ್ಕಿದರೆ ಗಟ್ಟಿ ಎಳೆಗಳ ನಡುವಿನ ಮೆದು ಭಾಗ ಕಿತ್ತುಬರುತ್ತದೆ. ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ.

ಲಕ್ಷಣ: ಕಪ್ಪು ಚುಕ್ಕೆ, ಕಪ್ಪು ಕಲೆ

ಇದರಲ್ಲಿ ಎರಡು ಬಗೆ. ಪಟ್ಟಿಯ ಉದ್ದಕ್ಕೂ ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳಿದ್ದರೆ ಅದು ಬೂಷ್ಟು. ಅಗಸೆ ಎಣ್ಣೆ ಬೆರೆತ ತೇಗದೆಣ್ಣೆ (ತೇಗಕ್ಕೆ ಹಚ್ಚಲೆಂದು ಮಾರುವ ಎಣ್ಣೆ) ಹಚ್ಚಿದ ಮರದಲ್ಲಿ ಇದು ಬೇಗ ಬರುತ್ತದೆ, ಏಕೆಂದರೆ ಆ ಎಣ್ಣೆಯೇ ಬೂಷ್ಟಿಗೆ ಊಟ. ಕಲೆ ಒಂದು ಸ್ಕ್ರೂ ಅಥವಾ ಮೊಳೆಯ ಸುತ್ತ ನೀಲಿಗಪ್ಪಾಗಿ ಹರಡಿದ್ದರೆ ಅದು ಕಬ್ಬಿಣದ ಕಲೆ.

ಖಾತ್ರಿ ಮಾಡಿಕೊಳ್ಳಲು ಕಲೆಯ ಮೇಲೆ ಒಂದೇ ಹನಿ ಬ್ಲೀಚ್ ಬಿಟ್ಟು ಒಂದೆರಡು ನಿಮಿಷ ನೋಡಿ. ಬಣ್ಣ ತಿಳಿಯಾದರೆ ಬೂಷ್ಟು. ಹಾಗೇ ಉಳಿದರೆ ಕಬ್ಬಿಣ. ಪರೀಕ್ಷೆ ಮುಗಿದ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ.

ಕಬ್ಬಿಣದ ಕಲೆಗೆ ಮದ್ದು ಆಕ್ಸಾಲಿಕ್ ಆಮ್ಲ. ಅಮೆರಿಕದ ಅಡುಗೆಮನೆಗಳಲ್ಲಿ ಪಾತ್ರೆ ತಿಕ್ಕಲು ಇಡುವ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯಲ್ಲೂ ಇರುವುದು ಅದೇ. ಆದ್ದರಿಂದ ಮೊದಲು ಅದನ್ನೇ ಕಲಸಿ ಹಚ್ಚಿ ನೋಡಿ. ಕಲೆ ಹೋಗಿ ಮತ್ತೆ ಬಂದರೆ ಮೂಲ ಅಲ್ಲೇ ಇದೆ ಅಂತ ಅರ್ಥ: ಯಾರೋ ಹಾಕಿದ ಕಬ್ಬಿಣದ ಸ್ಕ್ರೂ, ಇಲ್ಲವೇ ಹಿಂದೆ ಉಜ್ಜಿದ ಸ್ಟೀಲ್ ವುಲ್‌ನ ಚೂರು. ಸ್ಟೀಲ್ ವುಲ್ಲನ್ನು ದೋಣಿಯ ಮೇಲಕ್ಕೇ ತರಬೇಡಿ. ಬೇಕಿದ್ದರೆ ಕಂಚಿನ ಉಣ್ಣೆ (ಬ್ರಾಂಜ್ ವುಲ್) ಸಿಗುತ್ತದೆ.

ಎಚ್ಚರಿಕೆ: ಬ್ಲೀಚ್ ಮತ್ತು ಆಮ್ಲ ಯಾವ ಕಾರಣಕ್ಕೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶ ಸುಡುತ್ತದೆ. ಎರಡೂ ಬೇಕಾದರೆ ಒಂದನ್ನು ಪೂರ್ತಿ ತೊಳೆದು, ಇನ್ನೊಂದನ್ನು ಬೇರೆ ದಿನ ಬಳಸಿ. ಆಕ್ಸಾಲಿಕ್ ಆಮ್ಲ ವಿಷ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ.

ಅಂಗಡಿಯಲ್ಲಿ ಎರಡು ಬಾಟಲಿಯ ತೇಗದ ಕ್ಲೀನರ್ ಸಿಗುತ್ತದೆ. ಮೊದಲನೆಯದು ಸುಡುವಷ್ಟು ತೀಕ್ಷ್ಣ, ಎರಡನೆಯದು ಅದನ್ನು ಶಮನ ಮಾಡುತ್ತದೆ. ಮರ ಹತ್ತು ನಿಮಿಷದಲ್ಲಿ ಹೊಸದಾಗಿ ಕಾಣುತ್ತದೆ, ನಿಜ. ಆದರೆ ಅದು ಮೆದು ಎಳೆಯನ್ನು ತಿನ್ನುತ್ತದೆ. ಪಕ್ಕದ ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಹೊಳಪಿನ ಹೊರಪದರ), ಅಲ್ಯೂಮಿನಿಯಂ ಮೇಲೆ ಬಿದ್ದರೆ ಕಲೆ ಮಾಡುತ್ತದೆ. ತೆಳ್ಳಗಾಗಿರುವ ಹಳೆ ಪಟ್ಟಿಗೆ ನಾನು ಇದನ್ನು ಹೇಳುವುದಿಲ್ಲ.

ಲಕ್ಷಣ: ಮರ ಗೆರೆ ಗೆರೆಯಾಗಿ ಉಬ್ಬಿದೆ

ಬೆರಳಾಡಿಸಿದರೆ ಏಣು ಏಣು ತಗಲುತ್ತದೆ. ವರ್ಷಗಟ್ಟಲೆ ಎಳೆಯ ಉದ್ದಕ್ಕೆ ಉಜ್ಜಿದ್ದರ, ಆ ತೀಕ್ಷ್ಣ ಕ್ಲೀನರ್ ಹಾಕಿದ್ದರ ಗುರುತು ಇದು. ಏಣಿನ ತಲೆಯನ್ನು 80 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಸವರಿ, ಆಮೇಲೆ 120ರಲ್ಲಿ ನಯ ಮಾಡಿ. ತಗ್ಗಿನ ತಳ ಮುಟ್ಟುವವರೆಗೆ ಉಜ್ಜಬೇಡಿ. ತುಸು ಗೆರೆ ಉಳಿದರೆ ಉಳಿಯಲಿ.

ಉಜ್ಜುವ ಮುಂಚೆ ದಪ್ಪ ನೋಡಿಕೊಳ್ಳುವುದು ಒಳ್ಳೆಯದು. ಸ್ಕ್ರೂ ತಲೆ ಮುಚ್ಚುವ ಮರದ ಬಿರಡೆಗಳೇ ಅದನ್ನು ತೋರಿಸುತ್ತವೆ, ಅವುಗಳ ಮಾತು ಮುಂದೆ ಬರುತ್ತದೆ.

ತೇಗದ ಪುಡಿ ಸುಮ್ನೆ ಧೂಳಲ್ಲ. ಎಷ್ಟೋ ಜನಕ್ಕೆ ಮೈ ಕೆರೆತ, ದದ್ದು, ಉಬ್ಬಸ ತರುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಎನ್95 ಮಾಸ್ಕ್, ಉದ್ದ ತೋಳಿನ ಅಂಗಿ, ವ್ಯಾಕ್ಯೂಮ್ ಜೋಡಿಸಿದ ಸ್ಯಾಂಡರ್ ಬೇಕು. ಬಹಳಷ್ಟು ದೋಣಿಕಟ್ಟೆಗಳಲ್ಲಿ ನೀರಿಗೆ ಧೂಳು ಬೀಳಬಾರದೆಂಬ ನಿಯಮವೂ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ನೀರಿನ ಮೇಲೆ ವೈರ್ ಎಳೆದು ಕೆಲಸ ಮಾಡುವ ಬದಲು ಬ್ಯಾಟರಿಯ ಉಪಕರಣ ಬಳಸಿ.

ಲಕ್ಷಣ: ವಾರ್ನಿಷ್ ಏಳುತ್ತಿದೆ, ಅಡಿಯಲ್ಲಿ ಹಳದಿ ಅಥವಾ ಹಾಲುಬಣ್ಣದ ಮಚ್ಚೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಚ್ಚೆ ಎಲ್ಲಿ ಎದ್ದಿದೆ ಎಂಬುದೇ ಕಾರಣ ಹೇಳುತ್ತದೆ.

ಪಟ್ಟಿಯ ನಡುಮಧ್ಯೆ, ಬಿಸಿಲು ನೇರ ಬೀಳುವ ಮೇಲ್ಭಾಗದಲ್ಲಿ ಎದ್ದಿದ್ದರೆ ವಾರ್ನಿಷ್ ಬಿಸಿಲಿಗೆ ತೆಳುವಾಗಿದೆ, ಇಲ್ಲವೇ ಏನೋ ಬಡಿದು ಗಾಯವಾಗಿದೆ. ಇದು ಮೇಲಿನ ತೊಂದರೆ ಅಷ್ಟೆ. ಎರಡು ತುಂಡು ಕೂಡುವ ಗೆರೆಯ ಗುಂಟ ಎದ್ದಿದ್ದರೆ ಆ ಕೂಡಿಕೆ ಅಲುಗುತ್ತಿದೆ. ವಾರ್ನಿಷ್ ಎಷ್ಟು ಸಲ ಬಳಿದರೂ ಮತ್ತೆ ಅಲ್ಲೇ ಒಡೆಯುತ್ತದೆ. ಒಂದು ಬಿರಡೆಯ ಸುತ್ತ ಉಂಗುರದಂತೆ ಎದ್ದಿದ್ದರೆ ಬೋಲ್ಟಿನ ದಾರಿಯಲ್ಲಿ ನೀರಿದೆ. ಡೆಕ್ಕಿಗೆ ತಾಗುವ ಕೆಳ ಅಂಚಿನಿಂದ ಮೇಲಕ್ಕೆ ಏರುತ್ತಿದ್ದರೆ ಪಟ್ಟಿಯ ಅಡಿಯ ಸೀಲೆಂಟ್ (ನೀರು ತಡೆಯುವ ಮೆತ್ತು) ಸತ್ತಿದೆ, ಮರ ಕೆಳಗಿನಿಂದ ನೀರು ಹೀರುತ್ತಿದೆ. ಕೊನೆಯ ಮೂರೂ ಕಡೆ ವಾರ್ನಿಷ್ ಬಳಿಯುವುದು ದುಡ್ಡು ದಂಡ. ಮೊದಲು ಮುಂದಿನ ಭಾಗಗಳನ್ನು ಓದಿ.

ಬರೀ ಮೇಲಿನ ತೊಂದರೆಯಾದರೆ ಎದ್ದ ಭಾಗವನ್ನು ಗಟ್ಟಿ ವಾರ್ನಿಷ್ ಸಿಗುವವರೆಗೆ ಕೆರೆದು, ಅಂಚನ್ನು ಇಳಿಜಾರಾಗಿ ಸವರಿ, ಆ ತೇಪೆಯನ್ನಷ್ಟೇ ಕಟ್ಟಬಹುದು. ಬರಿಮರಕ್ಕೆ ಮೊದಲ ಕೋಟಿನಲ್ಲಿ ಅರ್ಧದಷ್ಟು ತಿನ್ನರ್ ಬೆರೆಸಿ, ಎರಡನೆಯದರಲ್ಲಿ ಕಾಲು ಭಾಗ, ಆಮೇಲೆ ಹಾಗೇ. ಆರು ಕೋಟಿಗಿಂತ ಕಡಿಮೆಯಾದರೆ ಬಿಸಿಲು ತಡೆಯುವುದಿಲ್ಲ. ನಡುನಡುವೆ 220, ಆಮೇಲೆ 320 ಪೇಪರಿನಲ್ಲಿ ಹಗುರವಾಗಿ ಉಜ್ಜಿ.

ಪೂರ್ತಿ ತೆಗೆಯಬೇಕಾದರೆ ಹೀಟ್ ಗನ್, ಹರಿತ ಸ್ಕ್ರೇಪರ್ ಒಳ್ಳೆ ಜೋಡಿ. ಸ್ಯಾಂಡರಿನಷ್ಟು ಮರ ತಿನ್ನುವುದಿಲ್ಲ. ಗನ್ ಒಂದೇ ಕಡೆ ನಿಲ್ಲಬಾರದು. ಅಕ್ರಿಲಿಕ್ ಕಿಟಕಿ, ಜೆಲ್‌ಕೋಟ್ ಹತ್ತಿರ ತರಬಾರದು. ಪೆಟ್ರೋಲು, ಅಡುಗೆ ಗ್ಯಾಸಿನ ಲಾಕರ್ ಪಕ್ಕದಲ್ಲಂತೂ ಹಚ್ಚಲೇಬಾರದು.

ಹೊತ್ತು ಕೂಡ ಮುಖ್ಯ. ನಮ್ಮ ಕೊಲ್ಲಿಯಲ್ಲಿ ಬೇಸಿಗೆ ಬೆಳಗ್ಗೆ ಮಂಜು, ಮಧ್ಯಾಹ್ನ ಗೋಲ್ಡನ್ ಗೇಟಿನಿಂದ ನುಗ್ಗುವ ಗಾಳಿ. ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು ಸಿಗುವ ಎರಡು ಮೂರು ತಾಸೇ ವಾರ್ನಿಷಿನ ಹೊತ್ತು. ಸಂಜೆ ಬಳಿದರೆ ರಾತ್ರಿಯ ಇಬ್ಬನಿ ಹೊಳಪನ್ನೆಲ್ಲ ಮಂಕು ಮಾಡುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ, ತೇಗದೆಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ. ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಡಿ.

ಲಕ್ಷಣ: ಬಿರಡೆ ಎದ್ದುಬಂದಿದೆ, ಸ್ಕ್ರೂ ತಲೆ ಕಾಣುತ್ತಿದೆ

ಪಟ್ಟಿಯ ಸ್ಕ್ರೂ, ಬೋಲ್ಟುಗಳ ತಲೆಯನ್ನು ಮರದೊಳಗೆ ತಗ್ಗಿಸಿ, ಮೇಲೆ ಗುಂಡನೆಯ ತೇಗದ ಬಿರಡೆ ಜಡಿದಿರುತ್ತಾರೆ. ಮರ ಸವೆದಂತೆ ಬಿರಡೆಯೂ ಗಿಡ್ಡವಾಗುತ್ತದೆ. ಕೊನೆಗೆ ಹಿಡಿತ ಸಾಲದೆ ಹಾರಿಹೋಗುತ್ತದೆ. ಖಾಲಿ ಗುಳಿ ಅಂದರೆ ನೀರು ನಿಲ್ಲುವ ಬಟ್ಟಲು, ಅದರ ತಳದಲ್ಲಿ ಸೀದಾ ಡೆಕ್ಕಿನೊಳಗೆ ಹೋಗುವ ರಂಧ್ರ. ಹಾಗಾಗಿ ಬಿರಡೆ ಹೋದದ್ದನ್ನು ಕಂಡ ದಿನವೇ ಕನಿಷ್ಠ ಟೇಪ್ ಅಂಟಿಸಿ ಮುಚ್ಚಿ.

ಗುಳಿಯ ಆಳ ಅಳೆಯಿರಿ. ಸ್ಕ್ರೂ ತಲೆಯ ಮೇಲೆ 5-6 ಮಿ.ಮೀ. ಇದ್ದರೆ ಹೊಸ ಬಿರಡೆ ಚೆನ್ನಾಗಿ ನಿಲ್ಲುತ್ತದೆ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಸ್ಕ್ರೂ ಬಿಚ್ಚಿ ಗುಳಿಯನ್ನು ಇನ್ನಷ್ಟು ಆಳ ಮಾಡಬೇಕು. ಆದರೆ ತಲೆಯ ಕೆಳಗೂ ಸಾಕಷ್ಟು ಮರ ಉಳಿಯಬೇಕು ಅಲ್ವಾ? ಎರಡಕ್ಕೂ ದಪ್ಪ ಸಾಲದಿದ್ದರೆ ಆ ಪಟ್ಟಿಯ ಆಯಸ್ಸು ಮುಗಿದಿದೆ. ಹೊಸದು ಹಾಕುವ ಯೋಚನೆ ಮಾಡಿ.

ಹಳೆ ಬಿರಡೆ ತೆಗೆಯಲು ಅದರ ನಡುವೆ ಸಣ್ಣ ತೂತು ಕೊರೆದು ಒಂದು ಮರದ ಸ್ಕ್ರೂ ತಿರುಗಿಸಿ. ಮೊನೆ ಕೆಳಗಿನ ಲೋಹದ ತಲೆಗೆ ತಾಗಿದ ಮೇಲೂ ತಿರುಗಿಸಿದರೆ ಬಿರಡೆ ತಾನಾಗಿ ಮೇಲೆ ಬರುತ್ತದೆ. ಉಳಿಯಲ್ಲಿ ಮೀಟಿದರೆ ಗುಳಿಯ ಅಂಚು ಒಡೆಯುತ್ತದೆ.

ಹೊಸ ಬಿರಡೆಯನ್ನು ಗುಳಿಯ ಅಗಲಕ್ಕೆ ಸರಿಯಾಗಿ ಆರಿಸಿ. ಸಾಮಾನ್ಯವಾಗಿ 3/8 ಇಲ್ಲವೇ 1/2 ಇಂಚು ಇರುತ್ತದೆ. ವಾರ್ನಿಷಿನಲ್ಲಿ ಅದ್ದಿ, ಅದರ ಎಳೆ ಪಟ್ಟಿಯ ಎಳೆಯ ದಿಕ್ಕಿಗೇ ಬರುವಂತೆ ತಿರುಗಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ. ಎಪಾಕ್ಸಿ ಎಂಬ ಗಟ್ಟಿ ಅಂಟು ಬೇಡ. ಇನ್ನು ಹತ್ತು ವರ್ಷಕ್ಕೆ ಯಾರೋ ಅದನ್ನು ಮತ್ತೆ ತೆಗೆಯಬೇಕಾಗುತ್ತದೆ.

ಮಾರನೆ ದಿನ ಕತ್ತರಿಸುವ ಕೆಲಸ. ನನಗೆ ತುಂಬ ಇಷ್ಟವಾದ ಕೆಲಸ ಇದು. ಹರಿತ ಉಳಿಯನ್ನು ಮೇಲ್ಮೈಯಿಂದ 3 ಮಿ.ಮೀ. ಎತ್ತರದಲ್ಲಿ ಬಿರಡೆಗೆ ಇಟ್ಟು ಒಂದು ಏಟು ಕೊಡಿ. ತಲೆ ಹಾರುತ್ತದೆ. ಈಗ ಸೀಳಿದ ಮುಖ ನೋಡಿ. ಉಳಿ ಇಟ್ಟ ಕಡೆಯಿಂದ ಆಚೆ ಬದಿಗೆ ಸೀಳು ಮೇಲಕ್ಕೆ ಏರಿದ್ದರೆ ಅದೇ ಕಡೆಯಿಂದ ಮುಂದುವರಿಯಿರಿ. ಕೆಳಕ್ಕೆ ಇಳಿದಿದ್ದರೆ ಎದುರು ಬದಿಗೆ ಬನ್ನಿ, ಇಲ್ಲದಿದ್ದರೆ ಮುಂದಿನ ಏಟಿಗೆ ಬಿರಡೆ ಗುಳಿಯ ಒಳಕ್ಕೇ ಸೀಳಿಹೋಗುತ್ತದೆ. ಪದರ ಪದರವಾಗಿ ಇಳಿಸಿ. ಕೊನೆಯ ಕೂದಲೆಳೆಯಷ್ಟನ್ನು ಸ್ಯಾಂಡ್‌ಪೇಪರಿಗೆ ಬಿಡಿ. ಎಳೆ ಕೂಡಿಬಂದರೆ ಬಿರಡೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಲಕ್ಷಣ: ಹಿಡಿಪಟ್ಟಿ ಅಲುಗುತ್ತದೆ, ಕ್ಯಾಬಿನ್ ಒಳಗೆ ನೀರು ತೊಟ್ಟಿಕ್ಕುತ್ತದೆ

ಇಷ್ಟರಲ್ಲೆಲ್ಲ ಗಂಭೀರವಾದದ್ದು ಇದು. ಎರಡು ಕಾರಣಕ್ಕೆ. ಹಿಡಿಪಟ್ಟಿ ಅಲಂಕಾರಕ್ಕೆ ಇರುವುದಲ್ಲ. ಅಲೆಗೆ ದೋಣಿ ವಾಲಿದಾಗ ಒಬ್ಬರ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ. ಅಲುಗುವ ಹಿಡಿಪಟ್ಟಿ ಇರುವ ದೋಣಿಯನ್ನು ಸರಿಮಾಡದೆ ಹೊರಗೆ ಒಯ್ಯಬೇಡಿ. ಎರಡನೆಯದು, ಆ ಕಾಲದ ಬಹಳಷ್ಟು ಡೆಕ್ಕುಗಳು ಎರಡು ಫೈಬರ್‌ಗ್ಲಾಸ್ ಪದರದ ನಡುವೆ ಬಾಲ್ಸಾ ಮರ ಇಲ್ಲವೇ ಪ್ಲೈವುಡ್ ಇಟ್ಟು ಕಟ್ಟಿದವು. ಬೋಲ್ಟಿನ ರಂಧ್ರದಿಂದ ಇಳಿದ ನೀರು ಆ ತಿರುಳಿನಲ್ಲಿ ಹರಡಿ ಕೊಳೆಸುತ್ತದೆ. ತೇಗ ಮೇಲೆ ಗಟ್ಟಿಯಾಗಿಯೇ ಇರುತ್ತದೆ, ಕೆಳಗಿನ ಡೆಕ್ ಮೆತ್ತಗಾಗಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೆಚ್ಚೂಕಮ್ಮಿ ಮಳೆಯೇ ಇಲ್ಲ. ಮರ ಒಣಗಿ ಕುಗ್ಗುತ್ತದೆ, ಸೀಲೆಂಟಿನಿಂದ ಬಿಡುತ್ತದೆ. ನವೆಂಬರಿನ ಮಳೆ ಬಂದಾಗ ಹಾಸಿಗೆ ಒದ್ದೆ.

ತೊಟ್ಟಿಕ್ಕುವ ನೀರಿನ ಬಣ್ಣ ನೋಡಿ. ತಿಳಿಯಾಗಿದ್ದರೆ ಹೊಸ ಸೋರಿಕೆ. ಟೀ ಡಿಕಾಕ್ಷನ್ ಹಾಗೆ ಕಂದಾಗಿದ್ದರೆ ನೀರು ಕೊಳೆತ ತಿರುಳನ್ನು ಹಾದು ಬರುತ್ತಿದೆ.

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದು ನಂಬಬೇಡಿ. ಒಳಗೆ ಇಳಿಜಾರು ಸಿಕ್ಕಿದ ಕಡೆ ಹರಿದು ಬೇರೆಲ್ಲೋ ಬೀಳುತ್ತದೆ. ಪತ್ತೆ ಮಾಡುವ ದಾರಿ ಹೀಗೆ. ಒಳಗಿನ ಪ್ರತಿ ನಟ್ಟಿನ ಸುತ್ತ ಒಣ ಟಿಶ್ಯೂ ಪೇಪರ್ ಸುತ್ತಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಹೊರಗೆ ಪೈಪಿನ ನೀರನ್ನು ಎಲ್ಲಕ್ಕಿಂತ ಕೆಳಗಿನ ಜಾಗದಿಂದ ಶುರುಮಾಡಿ, ಒಂದೊಂದು ಕಡೆ ಹತ್ತು ನಿಮಿಷ ಹರಿಸುತ್ತಾ ಮೇಲಕ್ಕೆ ಬನ್ನಿ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಯಾವ ಟಿಶ್ಯೂ ಮೊದಲು ಒದ್ದೆಯಾಯಿತೋ ಆ ಬೋಲ್ಟಿನಿಂದ ಕೆಲಸ ಶುರು.

ಒಂದು ಬೋಲ್ಟ್ ಸೋರಿದರೆ ಉಳಿದವೂ ಅದೇ ವಯಸ್ಸಿನವು. ಆದ್ದರಿಂದ ಇಡೀ ಪಟ್ಟಿ ತೆಗೆಯುವುದೇ ಸರಿ. ನಟ್ಟನ್ನು ಒಳಗಿನಿಂದ ತಿರುಗಿಸಿ, ಮೇಲೆ ಬೋಲ್ಟ್ ತಲೆ ತಿರುಗದಂತೆ ಹಿಡಿದಿರಿ. ಪಟ್ಟಿಯ ಒಂದು ತುದಿ ಮೀಟಿ ಎತ್ತಬೇಡಿ, ಹಳೆ ತೇಗ ಕಡ್ಡಿಯಂತೆ ಮುರಿಯುತ್ತದೆ. ಅಡಿಯಲ್ಲಿ ತೆಳು ಪುಟ್ಟಿ ಚಾಕು ತೂರಿಸಿ ಇಂಚಿಂಚೇ ಬಿಡಿಸಿ.

ರಂಧ್ರಕ್ಕೆ ಬಗ್ಗಿಸಿದ ಮೊಳೆ ತೂರಿಸಿ ಸುತ್ತ ತಿರುಗಿಸಿ. ಬರುವ ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಅದೃಷ್ಟ. ಕಪ್ಪಗೆ ಒದ್ದೆಯಾಗಿದ್ದರೆ ತಿರುಳು ಕೊಳೆತಿದೆ. ಕೊಳೆತ ಭಾಗ ರಂಧ್ರದ ಸುತ್ತ ಒಂದೆರಡು ಸೆಂ.ಮೀ. ಒಳಗೆ ಇದ್ದರೆ ನೀವೇ ಮಾಡಬಹುದು. 1/4 ಇಂಚಿನ ರಂಧ್ರವನ್ನು ಮೇಲಿನಿಂದ 1/2 ಇಂಚಿಗೆ ಹಿಗ್ಗಿಸಿ, ಕೆಳಗಿನ ಪದರ ಮಾತ್ರ ಹಾಗೇ ಇರಲಿ. ಕೊಳೆತದ್ದನ್ನು ಕೆರೆದು ತೆಗೆಯಿರಿ. ಒಳಗೆ ಪೂರ್ತಿ ಒಣಗಲು ಬಿಡಿ, ಇದಕ್ಕೆ ವಾರಗಳೇ ಬೇಕಾಗಬಹುದು. ಕೆಳಗೆ ಟೇಪ್ ಅಂಟಿಸಿ, ಮೊದಲು ಏನೂ ಬೆರೆಸದ ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ನಡುವೆ 1/4 ಇಂಚಿನ ರಂಧ್ರ ಕೊರೆಯಿರಿ. ಇನ್ನು ಸೋರಿದರೂ ನೀರು ತಿರುಳಿಗೆ ತಾಗುವುದಿಲ್ಲ. ಇಡೀ ದುರಸ್ತಿಯಲ್ಲಿ ದೋಣಿಯನ್ನು ಉಳಿಸುವ ಹಂತ ಇದೇ. ಅವಸರ ಮಾಡಬೇಡಿ.

ಮರಳಿ ಕೂರಿಸುವಾಗ ರಂಧ್ರದ ಬಾಯನ್ನು ಸ್ವಲ್ಪ ಇಳಿಜಾರಾಗಿ ಕೊರೆದರೆ ಸೀಲೆಂಟ್ ಅಲ್ಲಿ ಉಂಗುರದಂತೆ ನಿಲ್ಲುತ್ತದೆ. ಸೀಲೆಂಟಿಗೆ ಪಾಲಿಸಲ್ಫೈಡ್ ಇಲ್ಲವೇ ಬ್ಯುಟೈಲ್ ಟೇಪ್ ಒಳ್ಳೆಯದು. ಸಿಲಿಕೋನ್ ಬೇಡ. ಅದು ಬಿಟ್ಟುಹೋಗುವ ಪಸೆಯ ಮೇಲೆ ಮುಂದೆ ಯಾವುದೂ ಅಂಟುವುದಿಲ್ಲ. 3ಎಂ ಕಂಪನಿಯ 5200 ಅಂಟು ಶಾಶ್ವತವಾಗಿ ಹಿಡಿಯುತ್ತದೆ. ಮುಂದೊಮ್ಮೆ ಪಟ್ಟಿ ತೆಗೆಯಬೇಕಾದಾಗ ಮರವೋ ಜೆಲ್‌ಕೋಟೋ ಕಿತ್ತುಬರುತ್ತದೆ. ಇಲ್ಲೂ ನಟ್ಟನ್ನೇ ತಿರುಗಿಸಿ. ಬೋಲ್ಟ್ ತಿರುಗಿಸಿದರೆ ಅದರ ಸುತ್ತಲಿನ ಸೀಲೆಂಟ್ ಹರಿಯುತ್ತದೆ. ಬ್ಯುಟೈಲ್ ಆದರೆ ಕೆಲವು ದಿನ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಲಕ್ಷಣ: ಪಟ್ಟಿಯ ಅಡಿಯಿಂದ ಕಂದು ಗೆರೆ ಇಳಿದಿದೆ

ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಅದನ್ನು ಕಾಯುವ ತೆಳು ಪೊರೆಗೆ ಗಾಳಿ ಬೇಕು. ಒದ್ದೆ ಮರದೊಳಗೆ ಗಾಳಿ ಸಿಗದೆ ಕೂತ ಬೋಲ್ಟ್ ಒಳಗೊಳಗೇ ತಿಂದುಹೋಗುತ್ತದೆ. ತಲೆ ಹೊಳೆಯುತ್ತಿರುತ್ತದೆ, ಕುತ್ತಿಗೆ ಪೆನ್ಸಿಲ್ ಮೊನೆಯಷ್ಟಾಗಿರುತ್ತದೆ. ಹೊರಗೆ ಕಾಣುವುದು ಒಂದು ಕಂದು ಗೆರೆ ಮಾತ್ರ. ಗೆರೆ ಒರೆಸಿ ಒಂದು ವಾರ ನೋಡಿ. ಮತ್ತೆ ಬಂದರೆ ಒಂದು ಬೋಲ್ಟ್ ಹೊರಗೆ ತೆಗೆದು ಪರೀಕ್ಷಿಸಿ. ಗುಳಿಬಿದ್ದಿದ್ದರೆ ಆ ಸಾಲಿನವನ್ನೆಲ್ಲ ಬದಲಿಸಿ.

ಲಕ್ಷಣ: ಪಟ್ಟಿ ಸೀಳಿದೆ, ತುದಿ ಮುರಿದಿದೆ

ಎಳೆಯ ಗುಂಟ ಬಿಟ್ಟ ಸಣ್ಣ ಬಿರುಕು ಹಿಡಿಪಟ್ಟಿಯ ಬೋಲ್ಟನ್ನು ಮುಟ್ಟದಿದ್ದರೆ ಅಂಟಿಸಬಹುದು. ತೇಗಕ್ಕೆ ಅಂಟು ಹಿಡಿಸುವುದು ಕಷ್ಟ, ಅದರ ಎಣ್ಣೆಯೇ ಅಡ್ಡಿ. ಹೊಸದಾಗಿ ಉಜ್ಜಿದ ಮುಖವನ್ನು ಅಸಿಟೋನ್‌ನಲ್ಲಿ ಒರೆಸಿ, ಆರಿದ ಕೂಡಲೇ ಎಪಾಕ್ಸಿ ಹಚ್ಚಬೇಕು. ತಡವಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕ್ಲಾಂಪ್ ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಬಂದು ಕೂಡಿಕೆ ಬಡವಾಗುತ್ತದೆ. ಅಸಿಟೋನ್ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಕಿಡಿ ಬರುವ ಯಾವುದೂ ಹತ್ತಿರ ಇರಬಾರದು.

ಮುರಿದ ತುದಿಗೆ ಹೊಸ ತುಂಡು ಕೂಡಿಸುವಾಗ ನೇರ ಕೊಯ್ದು ಅಂಟಿಸಿದರೆ ನಿಲ್ಲುವುದಿಲ್ಲ. ದಪ್ಪದ ಎಂಟರಷ್ಟು ಉದ್ದದ ಇಳಿಜಾರು ಬೇಕು. 20 ಮಿ.ಮೀ. ದಪ್ಪದ ಪಟ್ಟಿಗೆ 160 ಮಿ.ಮೀ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಹೊಸ ಮರ ಎಲ್ಲಿಂದ? ದೋಣಿ ಕಟ್ಟುವವರು ಬಹುಕಾಲ ಮೆಚ್ಚಿದ್ದು ಬರ್ಮಾ ತೇಗ. 2021ರಲ್ಲಿ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಎರಡೂ ಮ್ಯಾನ್ಮಾರಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ನಿರ್ಬಂಧ ಹಾಕಿವೆ. ಮೂಲ ಹೇಳದ ಅಗ್ಗದ ಬರ್ಮಾ ತೇಗವನ್ನು ಕೊಳ್ಳಬೇಡಿ. ನೆಡುತೋಪಿನ ತೇಗ ಸಿಗುತ್ತದೆ. ಬಿಳಿ ಹೊರಮರ ಇಲ್ಲದ, ಒಳಗಿನ ಗಟ್ಟಿ ಚೇಗಿನ ತುಂಡನ್ನೇ ಆರಿಸಿ, ಏಕೆಂದರೆ ಹೊರಮರ ಕೊಳೆಯುತ್ತದೆ. ದಾಂಡೇಲಿ, ಹಳಿಯಾಳದ ಕಡೆಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಒಡೆದ ಹಳೆ ದೋಣಿಗಳ ಸಾಮಾನು ಮಾರುವ ಅಂಗಡಿಯಲ್ಲೂ ಕೇಳಿ. ಸಣ್ಣ ದುರಸ್ತಿಗೆ ನನ್ನ ಮೊದಲ ಆಯ್ಕೆ ಅದೇ. ಹಳೆಯ ಮರದ ಬಣ್ಣ, ಎಳೆ ಎರಡೂ ಹೊಂದುತ್ತವೆ.

ಎಲ್ಲಿ ಕೈಬಿಟ್ಟು ನುರಿತವರನ್ನು ಕರೆಯಬೇಕು

ಟೋ ರೈಲು ತೆಗೆಯುವ ಮುಂಚೆ ಅದರ ಬೋಲ್ಟ್ ಎಲ್ಲಿ ಮುಗಿಯುತ್ತದೆ ಎಂದು ಒಳಗಿನಿಂದ ನೋಡಿ. ಎಷ್ಟೋ ದೋಣಿಗಳಲ್ಲಿ ಅದೇ ಬೋಲ್ಟುಗಳು ಡೆಕ್ಕನ್ನು ದೋಣಿಯ ಮೈಗೆ ಹಿಡಿದಿರುತ್ತವೆ. ಒಟ್ಟಿಗೆ ಬಿಚ್ಚಿದರೆ ಆ ಕೂಡಿಕೆಯೇ ಬಾಯಿಬಿಡುತ್ತದೆ. ಇದು ಒಬ್ಬರೇ ಮಾಡುವ ಕೆಲಸವಲ್ಲ, ನೀರಿನ ಮೇಲೆ ಮಾಡುವ ಕೆಲಸವೂ ಅಲ್ಲ.

ಕಂದು ಗೆರೆ ಕೂವೆಯ (ಹಾಯಿ ಕಟ್ಟುವ ಕಂಬದ) ತಂತಿಗಳನ್ನು ಹಿಡಿದಿರುವ ಚೈನ್‌ಪ್ಲೇಟಿನ ಬಳಿಯಿಂದ ಬಂದಿದ್ದರೆ ಹಾಯಿ ಏರಿಸುವುದನ್ನೇ ನಿಲ್ಲಿಸಿ, ಕೂವೆ, ತಂತಿಗಳ ಕೆಲಸ ಬಲ್ಲ ರಿಗ್ಗರ್ ಒಬ್ಬರಿಗೆ ತೋರಿಸಿ. ಅದು ತುಂಡಾದರೆ ಕೂವೆಯೇ ಬೀಳುತ್ತದೆ. ಲೈಫ್‌ಲೈನ್ (ಡೆಕ್ಕಿನ ಅಂಚಿನ ತಡೆತಂತಿ) ಕಂಬದ ಬುಡ ಅಲುಗಿದರೂ ಹಾಗೇ. ಡೆಕ್ ತಟ್ಟಿದಾಗ ಮಂಕು ಸದ್ದು ಅಂಗೈಗಿಂತ ಅಗಲ ಹರಡಿದ್ದರೆ, ಕಾಲಿಟ್ಟ ಕಡೆ ಡೆಕ್ ತಗ್ಗಿದರೆ ದೋಣಿ ತಪಾಸಣೆ ಮಾಡುವ ಸರ್ವೇಯರನ್ನು ಕರೆಸಿ. ಅಲ್ಲಿ ಮೇಲ್ಪದರ ಕೊಯ್ದು ತಿರುಳು ಬದಲಿಸಬೇಕಾಗುತ್ತದೆ.

ಅವರು ಬರುವ ಮುಂಚೆ ಪ್ರತಿ ಬೋಲ್ಟಿಗೂ ಒಂದು ನಂಬರ್ ಕೊಟ್ಟು ಟೇಪಿನ ಮೇಲೆ ಬರೆಯಿರಿ. ಮಂಕು ಸದ್ದಿನ ಜಾಗದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೋ ತೆಗೆಯಿರಿ. ಯಾವ ಟಿಶ್ಯೂ ಯಾವಾಗ ಒದ್ದೆಯಾಯಿತು, ನೀರಿನ ಬಣ್ಣ ಏನಿತ್ತು ಬರೆದಿಡಿ. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ಹುಡುಕುವ ಕೆಲಸ ಉಳಿಯದಿದ್ದರೆ ಬಿಲ್ಲು ಕಡಿಮೆಯಾಗುತ್ತದೆ.